ಮೊಸಳೆಯದಲ್ಲದ ಬೆಲ್ಟು, 13 ದಿನದ ತಡೆ: ಹೊರದೇಶದಿಂದ ತರಿಸಿದ ಒಂದು ವಾಚಿನ ಪ್ರಕರಣ

ಪ್ರಕರಣದ ವಾಚು 1970ರ ದಶಕದ್ದು. ಸ್ಟೀಲ್ ಕೇಸಿನದು, ದಿನಕ್ಕೊಮ್ಮೆ ಕೀ ಕೊಡಬೇಕಾದದ್ದು, ಬಿಳಿ ಡಯಲ್ಲಿನ ಕೆಳಅಂಚಿನಲ್ಲಿ 'ಟಿ ಸ್ವಿಸ್ ಟಿ' ಎಂದು ಭೂತಗನ್ನಡಿ ಹಿಡಿದರಷ್ಟೇ ಓದಲು ಬರುವ ಅಕ್ಷರಗಳಿರುವಂಥದ್ದು. ಅದನ್ನು ಕೊಂಡವರು ಗಣಿತ ಕಲಿಸಿ ನಿವೃತ್ತರಾದ ಒಬ್ಬ ಅಧ್ಯಾಪಕರು. ಮಾರಿದಾತ ಬೇರೊಂದು ಖಂಡದಲ್ಲಿದ್ದು, ಹಳೆಯ ವಾಚುಗಳನ್ನು ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿ ಮಾರುವವನು. ಆಮದಿನ ಕಾಗದಪತ್ರ ಸಿದ್ಧಪಡಿಸುವುದು ನನ್ನ ಕಸುಬಾದ್ದರಿಂದ ಅಧ್ಯಾಪಕರು ಹಣ ಕಟ್ಟುವ ಮೊದಲೇ ನನ್ನಲ್ಲಿಗೆ ಬಂದರು. ಹಾಗೆ ಮೊದಲೇ ಬರುವವರು ಕಡಿಮೆ. ಬಹುಪಾಲು ಜನ ಪಾರ್ಸೆಲ್ ಸಿಕ್ಕಿಕೊಂಡ ಮೇಲೆ ಬರುತ್ತಾರೆ. ಇಷ್ಟು ಮುಂಜಾಗ್ರತೆ ವಹಿಸಿದರೂ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ 13 ದಿನ ನಿಂತಿತು. ನಿಂತ ಕಾರಣ ಅವರು ಹೆದರಿದ್ದ ಯಾವುದೂ ಆಗಿರಲಿಲ್ಲ, ನಾನು ಎಚ್ಚರಿಸಿದ್ದ ಯಾವುದೂ ಆಗಿರಲಿಲ್ಲ. ಇದನ್ನು ಬರೆದಿಡಲು ಅದೇ ಕಾರಣ.

ಅಧ್ಯಾಪಕರ ಪಟ್ಟಿ

ಅವರು ತಮ್ಮ ಭಯಗಳನ್ನು ಒಂದು ಹಾಳೆಯಲ್ಲಿ ಅಂಕಿ ಹಾಕಿ ಬರೆದು ತಂದಿದ್ದರು. ಮೊದಲನೆಯದು, ವಾಚು ನಕಲಿ ಎಂದು ಅಧಿಕಾರಿಗೆ ಅನಿಸಿದರೆ ಅದನ್ನು ಮುಟ್ಟುಗೋಲು ಹಾಕಿಕೊಂಡು ತಮ್ಮ ಹೆಸರನ್ನೂ ಯಾವುದೋ ದಾಖಲೆಯಲ್ಲಿ ಸೇರಿಸಿಬಿಡುತ್ತಾರೆ ಎಂಬುದು. ಎರಡನೆಯದು, ಎಕ್ಸ್-ರೇ ಯಂತ್ರದಲ್ಲಿ ಹಾಯಿಸುವಾಗಲೋ ಪೆಟ್ಟಿಗೆ ಬಿಚ್ಚುವಾಗಲೋ ಒಳಗಿನ ಯಂತ್ರ ಕೆಡುತ್ತದೆ ಎಂಬುದು. ಮೂರನೆಯದು, ಡಯಲ್ಲಿನ ಮೇಲಿನ 'ಟಿ' ಅಕ್ಷರ ವಿಕಿರಣಕ್ಕೆ ಸಂಬಂಧಿಸಿದ್ದೆಂದು ಎಲ್ಲೋ ಓದಿದ್ದರಿಂದ, ಪಾರ್ಸೆಲ್ ಹಾದಾಗ ವಿಕಿರಣ ಪತ್ತೆಯ ಗಂಟೆ ಬಾರಿಸಬಹುದು ಎಂಬುದು. ಸುಂಕ ಎಷ್ಟಾದೀತು ಎಂಬ ಪ್ರಶ್ನೆ ಹಾಳೆಯ ಕೊನೆಯಲ್ಲಿತ್ತು, ಅದೂ ಪೆನ್ಸಿಲಿನಲ್ಲಿ. ಕೇಳಲೋ ಬೇಡವೋ ಎಂಬಂತೆ.

ನಕಲಿಯ ಭಯಕ್ಕೆ ಆಧಾರವಿಲ್ಲದಿಲ್ಲ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಜಾರಿಗೆ ಬಂದ, ಬೌದ್ಧಿಕ ಆಸ್ತಿಯ ಹಕ್ಕುಗಳ ಕುರಿತ ಟ್ರಿಪ್ಸ್ ಒಪ್ಪಂದದಲ್ಲಿ 51ರಿಂದ 60ನೇ ವಿಧಿಯವರೆಗಿನ ಭಾಗ ಗಡಿಯಲ್ಲಿ ಕೈಗೊಳ್ಳುವ ಕ್ರಮಗಳಿಗೇ ಮೀಸಲು. ಟ್ರೇಡ್‌ಮಾರ್ಕಿನ ಒಡೆಯರು ಅರ್ಜಿ ಕೊಟ್ಟಿದ್ದರೆ ಅನುಮಾನದ ಸರಕನ್ನು ಕಸ್ಟಮ್ಸ್ ತಡೆಹಿಡಿಯಬಹುದು. ತಡೆದ ಸೂಚನೆ ತಲುಪಿದ 10 ಕೆಲಸದ ದಿನಗಳೊಳಗೆ ಅವರು ಕಾನೂನು ಕ್ರಮಕ್ಕೆ ಇಳಿಯದಿದ್ದರೆ ಸರಕನ್ನು ಬಿಡಬೇಕು, ಸೂಕ್ತವೆನಿಸಿದಲ್ಲಿ ಈ ಅವಧಿಗೆ ಇನ್ನೂ 10 ಕೆಲಸದ ದಿನಗಳನ್ನು ಸೇರಿಸಬಹುದು. ಸಿಕ್ಕಿಬಿದ್ದ ನಕಲಿ ಮಾಲನ್ನು ಇದ್ದ ಸ್ಥಿತಿಯಲ್ಲೇ ಕಳಿಸಿದವನಿಗೆ ಹಿಂತಿರುಗಿಸಲು 59ನೇ ವಿಧಿ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಆದ್ದರಿಂದ 'ಬೇಡವೆಂದರೆ ವಾಪಸ್ ಹೋಗುತ್ತದೆ, ಅಷ್ಟೇ ತಾನೇ' ಎಂಬ ಸಮಾಧಾನ ನಕಲಿ ವಾಚು ತರಿಸುವವರಿಗೆ ಒದಗುವುದಿಲ್ಲ. 60ನೇ ವಿಧಿ ಮಾತ್ರ, ವ್ಯಾಪಾರಕ್ಕಲ್ಲದೆ ಸಣ್ಣ ಪಾರ್ಸೆಲ್‌ಗಳಲ್ಲಿ ಬರುವ ಅಲ್ಪ ಪ್ರಮಾಣದ ಸರಕನ್ನು ಈ ನಿಯಮಗಳಿಂದ ಹೊರಗಿಡುವ ಸ್ವಾತಂತ್ರ್ಯವನ್ನು ಆಯಾ ದೇಶಕ್ಕೆ ಬಿಟ್ಟಿದೆ. ಬಿಟ್ಟಿದೆ ಎಂದರೆ ಬಿಟ್ಟಿದೆ, ಅಷ್ಟೇ, ಹೊರಗಿಡಲೇಬೇಕೆಂದಿಲ್ಲ. ಒಂದು ದೇಶದಲ್ಲಿ ಸುಮ್ಮನೆ ದಾಟಿಹೋದ ನಕಲಿ ವಾಚು ಇನ್ನೊಂದರಲ್ಲಿ ನಾಶವಾಗುವುದು ಹೀಗೆ. ಇನ್ನು, ಹೆಸರಾಂತ ವಾಚಿನ ರೂಪವನ್ನು ಅನುಸರಿಸಿ ತನ್ನದೇ ಹೆಸರಿನಲ್ಲಿ ಬರುವ ವಾಚುಗಳು ಬೇರೆಯೇ ಜಾತಿ. ಒಪ್ಪಂದವು ನಕಲಿ ಎನ್ನುವುದು ಅನುಮತಿಯಿಲ್ಲದೆ ಬೇರೆಯವರ ನೋಂದಾಯಿತ ಗುರುತನ್ನೇ, ಅಥವಾ ಅದರಿಂದ ಬೇರ್ಪಡಿಸಿ ಗುರುತಿಸಲಾಗದ್ದನ್ನು, ಹೊತ್ತ ಸರಕಿಗೆ. ರೂಪಸಾಮ್ಯದ ತಕರಾರು ವಿನ್ಯಾಸದ ಹಕ್ಕಿನ ಕೆಳಗೆ ಬರಬಹುದು, ಆದರೆ ಅದು ಇನ್ನೊಂದು ದಾರಿ.

ಅಧ್ಯಾಪಕರ ವಾಚು ಈ ಎರಡರಲ್ಲಿ ಯಾವುದೂ ಅಲ್ಲ. ಮಾರಾಟಗಾರ ಕಳಿಸಿದ್ದ ಚಿತ್ರಗಳಲ್ಲಿ ಡಯಲ್, ಒಳಗಿನ ಯಂತ್ರದ ಮೇಲಿನ ಕೆತ್ತನೆ, ಹಿಂಬದಿ ಮುಚ್ಚಳದ ಸಂಖ್ಯೆ ಎಲ್ಲವೂ ಒಂದಕ್ಕೊಂದು ಹೊಂದುತ್ತಿದ್ದವು. ಡಯಲ್ಲಿಗೆ ಹೊಸದಾಗಿ ಬಣ್ಣ ಬಳಿದು ಕಂಪನಿಯ ಹೆಸರನ್ನು ಮತ್ತೆ ಬರೆಸಿದ್ದಾರೆಯೇ ಎಂದು ಮಾತ್ರ ಕೇಳಿಸಿದೆ, ಏಕೆಂದರೆ ಹಳೆಯ ವಾಚುಗಳಲ್ಲಿ ಅಸಲಿ ಮತ್ತು ನಕಲಿಯ ಗಡಿ ಮಸುಕಾಗುವುದು ಅಲ್ಲೇ. ಇಲ್ಲ ಎಂಬ ಉತ್ತರ ಬಂತು.

ಎರಡನೆಯ ಭಯವನ್ನು ಬೇಗ ಮುಗಿಸಬಹುದು. ಕೀ ಕೊಡುವ ವಾಚಿಗೆ ಎಕ್ಸ್-ರೇಯಿಂದ ಏನೂ ಆಗುವುದಿಲ್ಲ; ಅದನ್ನು ಕೆಡಿಸುವುದು ಪೆಟ್ಟು, ತೇವ ಮತ್ತು ಅಯಸ್ಕಾಂತ. ಇವು ಮೂರೂ ಕಸ್ಟಮ್ಸ್ ಮೇಜಿನ ಮೇಲೆ ಆಗುವುದಕ್ಕಿಂತ ದಾರಿಯಲ್ಲಿ ಆಗುವ ಸಂಭವವೇ ಹೆಚ್ಚು, ಮತ್ತು ಅದಕ್ಕೆ ಮದ್ದು ಒಳ್ಳೆಯ ಪ್ಯಾಕಿಂಗ್.

ಮೂರನೆಯದು ನನಗೂ ಇಷ್ಟವಾದ ವಿಷಯ. ಕತ್ತಲಲ್ಲಿ ಹೊಳೆಯಲೆಂದು ಮುಳ್ಳುಗಳಿಗೆ ಬಳಿಯುತ್ತಿದ್ದ ಬಣ್ಣದಲ್ಲಿ ಮೊದಲು ರೇಡಿಯಂ ಇರುತ್ತಿತ್ತು, 1960ರ ದಶಕದಿಂದ ಅದರ ಜಾಗಕ್ಕೆ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಬಂತು. ಡಯಲ್ಲಿನ 'ಟಿ' ಈ ಟ್ರಿಟಿಯಂನದು. ಬಣ್ಣದಲ್ಲಿ ಬಳಸುತ್ತಿದ್ದ ರೇಡಿಯಂ-226ರ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಪಾಲು ಕರಗಲು ಬೇಕಾದ ಕಾಲ, ಸುಮಾರು 1600 ವರ್ಷವಾದ್ದರಿಂದ ಅಂಥ ವಾಚುಗಳು ಬಣ್ಣ ಹೊಳೆಯುವುದನ್ನು ನಿಲ್ಲಿಸಿದ ಮೇಲೂ ವಿಕಿರಣ ಪತ್ತೆಯ ಯಂತ್ರವನ್ನು ಎಚ್ಚರಿಸಬಲ್ಲವು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ; ಅದು ಹೊರಸೂಸುವ ಕಣಗಳು ವಾಚಿನ ಗಾಜನ್ನೇ ದಾಟಲಾರವು. ಅಧ್ಯಾಪಕರು ಅಲ್ಲೇ ಬೆರಳೆಣಿಸಿ, ಸುಮಾರು 50 ವರ್ಷ ಎಂದರೆ ನಾಲ್ಕು ಅರ್ಧಾಯುಷ್ಯ, ಅಂದರೆ ಉಳಿದಿರುವುದು ಹದಿನಾರನೆಯ ಒಂದು ಪಾಲು ಎಂದು ಹೇಳಿ, ಹಾಳೆಯಲ್ಲಿ ಮೂರನೆಯ ಅಂಕಿಯ ಮೇಲೆ ಗೀಟು ಹಾಕಿದರು.

ಮಾರಾಟಗಾರನ ಉಪಕಾರ

ಅಪಾಯ ಇದ್ದದ್ದು ಆ ಹಾಳೆಯಲ್ಲಿಲ್ಲದ ಒಂದು ಮಾತಿನಲ್ಲಿ. ಮಾರಾಟಗಾರ, ಕೇಳದೆಯೇ, ಒಂದು ಸೌಜನ್ಯ ತೋರಿದ್ದ: ಘೋಷಣಾ ಪತ್ರದಲ್ಲಿ 'ಉಡುಗೊರೆ' ಎಂಬ ಚೌಕಕ್ಕೆ ಗುರುತು ಹಾಕಿ ಬೆಲೆಯನ್ನು ಐದನೆಯ ಒಂದು ಪಾಲು ಬರೆಯುತ್ತೇನೆ, ಹೇಗೂ ಹಳೆಯ ವಸ್ತುವಿಗೆ ಸುಂಕವಿಲ್ಲ, ಚಿಂತೆ ಬೇಡ ಎಂದಿದ್ದ. ಅಧ್ಯಾಪಕರು ಇದನ್ನು ನನಗೆ ಹೇಳಿದ್ದು ಎದ್ದು ಹೊರಡುವಾಗ, ಬಾಗಿಲ ಬಳಿ ನಿಂತು. "ಎಲ್ಲರಿಗೂ ಹಾಗೇ ಕಳಿಸ್ತಾನಂತೆ. ಬೇಡ ಅಂದ್ರೆ ಬೇಜಾರು ಮಾಡ್ಕೋತಾನೇನೋ" ಎಂದರು. ನಾನು ಅವರನ್ನು ಮತ್ತೆ ಕೂರಿಸಿದೆ.

ಹಳೆಯದಕ್ಕೆ ಸುಂಕವಿಲ್ಲ ಎಂಬುದು ಅರ್ಧಂಬರ್ಧ ಕೇಳಿದ ಮಾತು. 1988ರ ಜನವರಿ 1ರಿಂದ ಬಳಕೆಯಲ್ಲಿರುವ ಹಾರ್ಮೊನೈಸ್ಡ್ ಸಿಸ್ಟಮ್ ಎಂಬ ಜಾಗತಿಕ ಸರಕು ಪಟ್ಟಿಯಲ್ಲಿ 9706 ಎಂಬ ಶೀರ್ಷಿಕೆ ಪುರಾತನ ವಸ್ತುಗಳದ್ದು, ಆದರೆ ಅದಕ್ಕೆ ವಸ್ತುವಿನ ವಯಸ್ಸು 100 ವರ್ಷ ದಾಟಿರಬೇಕು. 1970ರ ದಶಕದ ವಾಚು ಸಂಗ್ರಹಕಾರರ ಬಾಯಲ್ಲಿ 'ವಿಂಟೇಜ್' ಆಗಬಹುದು. ಕಸ್ಟಮ್ಸ್ ಕಣ್ಣಿಗೆ ಅದು ಬಳಸಿದ ವಾಚು, ಅಷ್ಟೇ. ವಾಚುಗಳು ಬರುವುದು 91ನೇ ಅಧ್ಯಾಯದಲ್ಲಿ. ಕೇಸು ಬೆಲೆಬಾಳುವ ಲೋಹದ್ದಾದರೆ ಅಥವಾ ಅಂಥ ಲೋಹದ ತಗಡನ್ನು ಬೆಸೆದದ್ದಾದರೆ 9101, ಉಳಿದದ್ದಕ್ಕೆ 9102. ಚಿನ್ನದ ನೀರು ಕುಡಿಸಿದ ಸ್ಟೀಲ್ ಕೇಸು 9102ರಲ್ಲೇ ಉಳಿಯುತ್ತದೆ, ಆದ್ದರಿಂದ ಅಂಥದ್ದನ್ನು ಇನ್‌ವಾಯ್ಸ್‌ನಲ್ಲಿ ಬರಿದೇ 'ಚಿನ್ನದ ವಾಚು' ಎಂದು ಬರೆಸುವುದು ಕೈಯಾರೆ ತೊಂದರೆ ತಂದುಕೊಂಡಂತೆ. ಕೈಗೆ ಕಟ್ಟುವ ಸ್ಮಾರ್ಟ್‌ವಾಚು ಈ ಅಧ್ಯಾಯಕ್ಕೇ ಬರದೆ ಸಂಪರ್ಕ ಸಾಧನಗಳ 8517ಕ್ಕೆ ಹೋಗುತ್ತದೆ ಎಂದಾಗ ಅಧ್ಯಾಪಕರು ನಕ್ಕರು. ಪಟ್ಟಿ ಮಾಡಿದವರಿಗೆ ಸಮಯ ತೋರಿಸುವುದು ಅದರ ಮುಖ್ಯ ಕೆಲಸವೆನಿಸಿಲ್ಲ.

ಉಡುಗೊರೆಯ ಚೌಕದ ಕಥೆಯೂ ಹೀಗೇ. ಹಣ ಕೊಟ್ಟು ಕೊಂಡದ್ದು ಉಡುಗೊರೆಯಲ್ಲ. ವಿಶ್ವ ಅಂಚೆ ಒಕ್ಕೂಟದ ನಮೂನೆಯ ಪ್ರಕಾರ ವಸ್ತುವಿನ ಬೆಲೆ 300 ಎಸ್‌ಡಿಆರ್‌ವರೆಗಿದ್ದರೆ (ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ) ಸಿಎನ್ 22 ಎಂಬ ಸಣ್ಣ ಚೀಟಿ, ಅದಕ್ಕಿಂತ ಹೆಚ್ಚಾದರೆ ಸಿಎನ್ 23 ಎಂಬ ದೊಡ್ಡ ಫಾರಂ. ಎರಡರಲ್ಲೂ ಕಳಿಸುವವನು ವಿವರ ಸರಿಯೆಂದು ಸಹಿ ಮಾಡುತ್ತಾನೆ, ಆದರೆ ಈ ಕಡೆ ಬಂದು ಉತ್ತರ ಹೇಳಬೇಕಾದವರು ಪಡೆಯುವವರು. ಸಹಿ ಒಬ್ಬರದು, ಹೊಣೆ ಇನ್ನೊಬ್ಬರದು. ಅಧಿಕಾರಿ ಕೇಳುವುದೂ ಕಷ್ಟದ ಪ್ರಶ್ನೆಯಲ್ಲ: ಹಣ ಕಟ್ಟಿದ ದಾಖಲೆ ತೋರಿಸಿ ಎನ್ನುತ್ತಾರೆ. ಆಗ ತೋರಿಸಲು ಇರುವುದು ಒಂದೇ ಸಂಖ್ಯೆ, ಮತ್ತು ಅದು ಫಾರಂ ಮೇಲಿನ ಸಂಖ್ಯೆಯ ಐದರಷ್ಟು.

ಅಧ್ಯಾಪಕರಿಗೆ ನೀತಿಪಾಠ ಹೇಳುವ ಅಗತ್ಯವಿರಲಿಲ್ಲ, ಲೆಕ್ಕ ಸಾಕಾಗಿತ್ತು. ವಾಚಿನ ಬೆಲೆ 100 ಎಂದಿಟ್ಟುಕೊಳ್ಳೋಣ, ಸಾಗಣೆ 6, ವಿಮೆ 1. ದರಗಳು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಲೆಕ್ಕದ ಮಟ್ಟಿಗೆ ಸುಂಕ ಶೇ. 10, ಅದರ ಮೇಲಿನ ತೆರಿಗೆ ಶೇ. 20 ಎನ್ನೋಣ. ಸಾಗಣೆ ಮತ್ತು ವಿಮೆಯನ್ನು ಮೌಲ್ಯಕ್ಕೆ ಸೇರಿಸುವ ದೇಶದಲ್ಲಿ ಮೌಲ್ಯ 107, ಸುಂಕ 10.70, ಇವೆರಡೂ ಸೇರಿದ 117.70ರ ಮೇಲೆ ತೆರಿಗೆ 23.54, ಒಟ್ಟು ಕಟ್ಟಬೇಕಾದದ್ದು 34.24. ಬಹಳ ಜನ ಶೇ. 10 ಮತ್ತು ಶೇ. 20 ಕೂಡಿಸಿ 30 ಎಂದುಕೊಂಡು, ಬಿಲ್ಲು ಬಂದಾಗ ಮೋಸವಾಯಿತು ಎನ್ನುತ್ತಾರೆ. ತೆರಿಗೆಯು ಸುಂಕದ ಮೇಲೂ ಬೀಳುತ್ತದೆ, ಎರಡೂ ಸಾಗಣೆಯ ಮೇಲೂ ಬೀಳುತ್ತವೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಈಗ ಬೆಲೆಯನ್ನು 20 ಎಂದು ಬರೆದರೆ, ಉಳಿದದ್ದು ಹಾಗೆಯೇ ಇದ್ದಲ್ಲಿ, ಮೌಲ್ಯ 27, ಸುಂಕ 2.70, ತೆರಿಗೆ 5.94, ಒಟ್ಟು 8.64. ಉಳಿತಾಯ 25.60. ಆದರೆ ಪಾರ್ಸೆಲ್ ಕಳೆದುಹೋದರೆ ವಿಮೆಯ ಪರಿಹಾರ ಘೋಷಿಸಿದ ಬೆಲೆಯನ್ನು ಮೀರುವುದಿಲ್ಲ; ಕೈಗೆ ಬರುವುದು 20, ಕೈಬಿಡುವುದು 80. "ಇಪ್ಪತ್ತೈದೂವರೆ ಉಳಿಸೋದಕ್ಕೆ ಎಂಬತ್ತನ್ನ ಪಣಕ್ಕಿಡೋದು" ಎಂದು ಅವರೇ ಮುಗಿಸಿದರು. ಸಿಕ್ಕಿಬಿದ್ದರೆ ಆಗುವ ದಂಡವನ್ನು ನಾವು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇಷ್ಟು ಬೆಲೆಯವರೆಗೆ ತೆರಿಗೆಯೇ ಇಲ್ಲ ಎಂಬ ಮಿತಿಯ ಬಗ್ಗೆಯೂ ಅವರು ಕೇಳಿದರು. ಅಂಥ ಮಿತಿಗಳು ಇವೆ, ಆದರೆ ಈಚೆಗೆ ನಿಂತಲ್ಲಿ ನಿಲ್ಲುತ್ತಿಲ್ಲ. ಯುರೋಪಿಯನ್ ಒಕ್ಕೂಟ 2021ರ ಜುಲೈ 1ರಿಂದ ಎಷ್ಟೇ ಸಣ್ಣ ಬೆಲೆಯ ಪಾರ್ಸೆಲ್ ಆದರೂ ಮೌಲ್ಯವರ್ಧಿತ ತೆರಿಗೆಗೆ ಒಳಪಡಿಸಿತು. ಅಮೆರಿಕ 2016ರಲ್ಲಿ 800 ಡಾಲರ್‌ಗೆ ಏರಿಸಿದ್ದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಹೋದ ವರ್ಷ ಸ್ನೇಹಿತರಿಗೆ ಸುಂಕವಿಲ್ಲದೆ ಬಂತು ಎಂಬ ಮಾತಿಗೆ ಈ ಕ್ಷೇತ್ರದಲ್ಲಿ ಬೆಲೆಯಿಲ್ಲ. ಆರ್ಡರ್ ಮಾಡುವ ದಿನ ತಮ್ಮ ದೇಶದ ಕಸ್ಟಮ್ಸ್ ಏನು ಪ್ರಕಟಿಸಿದೆ ಎಂಬುದನ್ನು ನೋಡಿಕೊಳ್ಳಬೇಕು.

ಕೊನೆಗೆ ಮಾರಾಟಗಾರನಿಗೆ ಒಂದು ಪತ್ರ ಬರೆದೆವು. ಉಡುಗೊರೆ ಬೇಡ, ಮಾರಾಟದ ಸರಕು ಎಂದು ಗುರುತು ಹಾಕಿ, ಪಡೆದಷ್ಟೇ ಬೆಲೆ ಬರೆಯಿರಿ, ಅಷ್ಟಕ್ಕೇ ವಿಮೆ ಮಾಡಿಸಿ, ಇನ್‌ವಾಯ್ಸ್‌ನ ಒಂದು ಪ್ರತಿಯನ್ನು ಪೆಟ್ಟಿಗೆಯ ಹೊರಗೂ ಒಂದನ್ನು ಒಳಗೂ ಇಡಿ ಎಂದು. ವಿವರದ ಬಗ್ಗೆ ನಾನು ಹೇಳಿ ಬರೆಸಿದ ಸಾಲು ಹೀಗಿತ್ತು: 'ನಿಮ್ಮ ಜಾಹೀರಾತಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ.' ಮುಂದಿನ 13 ದಿನಗಳ ಬೀಜ ಆ ಸಾಲಿನಲ್ಲಿತ್ತು, ಮತ್ತು ಅದನ್ನು ಬಿತ್ತಿದವನು ನಾನು.

ತಡೆ

ಪಾರ್ಸೆಲ್ ಹೊರಟಿತು. ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆರಡು ಅಕ್ಷರದ ಟ್ರ್ಯಾಕಿಂಗ್ ಸಂಖ್ಯೆ ಅಧ್ಯಾಪಕರಿಗೆ ಬಾಯಿಪಾಠವಾಯಿತು. ಕೊನೆಯ ಎರಡು ಅಕ್ಷರ ಹೊರಟ ದೇಶದ ಸಂಕೇತ, ಒಂಬತ್ತನೆಯ ಅಂಕಿ ಉಳಿದ ಎಂಟನ್ನು ಪರೀಕ್ಷಿಸುವ ಅಂಕಿ ಎಂದು ತಿಳಿದ ಮೇಲಂತೂ ಅದನ್ನು ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿದರು. ಆರನೆಯ ದಿನ ಪಾರ್ಸೆಲ್ ವಿದೇಶಿ ಅಂಚೆ ಬಂದಿಳಿಯುವ ದೇಶದೊಳಗಿನ ವಿನಿಮಯ ಕಚೇರಿಗೆ ಬಂತು. ಮರುದಿನ 'ಆಮದು ಕಸ್ಟಮ್ಸ್‌ಗೆ ಒಪ್ಪಿಸಲಾಗಿದೆ' ಎಂಬ ಸಾಲು ಕಾಣಿಸಿತು. ರಾತ್ರಿ ಎರಡು ಗಂಟೆಗೆ ನನಗೆ ಸಂದೇಶ: "ಸಿಕ್ಕಿಹಾಕಿಕೊಂಡಿತು."

ಸಿಕ್ಕಿಹಾಕಿಕೊಂಡಿರಲಿಲ್ಲ, ಆಗಿನ್ನೂ. ಅಂಚೆ ಜಾಲದಲ್ಲಿ ಒಪ್ಪಿಸಿದ್ದಕ್ಕೆ ಇಡಿಬಿ ಎಂಬ ಸಂಕೇತವಿದೆ, ತಡೆಹಿಡಿದದ್ದಕ್ಕೆ ಇಎಂಇ, ಕಸ್ಟಮ್ಸ್ ಅಂಚೆಗೆ ಹಿಂತಿರುಗಿಸಿದ್ದಕ್ಕೆ ಇಡಿಸಿ. ಮೊದಲನೆಯದು ಪರಿಶೀಲನೆಗೆ ಮುಂದಿಟ್ಟ ಯಾವ ಪಾರ್ಸೆಲ್‌ಗೂ ಬೀಳುವ ಮುದ್ರೆ. ಅದನ್ನು ಕಂಡು ಹೆದರುವುದು ನಿಲ್ದಾಣದಲ್ಲಿ ಬಸ್ಸು ನಿಂತಿತೆಂದು ಹೆದರಿದಂತೆ. ಅಂಚೆಯವರು ಜನರಿಗೆ ತೋರಿಸುವ ಟ್ರ್ಯಾಕಿಂಗ್ ಪುಟದಲ್ಲಿ ಈ ಸಂಕೇತಗಳು ಸಾಮಾನ್ಯವಾಗಿ ಕಾಣುವುದಿಲ್ಲ, ಅವುಗಳ ಬದಲು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ವಾಕ್ಯಗಳು ಕಾಣುತ್ತವೆ, ಅರ್ಧ ಆತಂಕ ಹುಟ್ಟುವುದೇ ಅಲ್ಲಿ. 2021ರ ಜನವರಿ 1ರಿಂದ ಸರಕು ಇರುವ ಅಂಚೆ ಪಾರ್ಸೆಲ್‌ಗಳ ವಿವರವನ್ನು ಮುಂಚಿತವಾಗಿ ವಿದ್ಯುನ್ಮಾನ ರೂಪದಲ್ಲಿ ಕಳಿಸಬೇಕೆಂಬ ನಿಯಮ ಬಂದಿದೆ. ಹಾಗಾಗಿ ಪೆಟ್ಟಿಗೆ ವಿಮಾನದಲ್ಲಿರುವಾಗಲೇ ಅದರ ಬಗ್ಗೆ ಬರೆದ ಸಾಲನ್ನು ಈ ಕಡೆಯ ವ್ಯವಸ್ಥೆ ಓದಬಲ್ಲದು. ಯಾವ ಪೆಟ್ಟಿಗೆ ತೆರೆಯಬೇಕೆಂಬ ತೀರ್ಮಾನ ಬಹುಮಟ್ಟಿಗೆ ಆ ಸಾಲಿನಿಂದ ಹುಟ್ಟುತ್ತದೆ. ಅಧಿಕಾರಿ ವಾಚನ್ನು ನೋಡುವ ಮೊದಲು ಪದಗಳನ್ನು ನೋಡುತ್ತಾರೆ.

ಅದರ ಮರುದಿನ ನಿಜವಾಗಿಯೂ 'ತಡೆಹಿಡಿಯಲಾಗಿದೆ' ಎಂದು ಬಂತು. ನಾಲ್ಕು ದಿನ ಏನೂ ಇಲ್ಲ. ಅಧ್ಯಾಪಕರು ಮಾರಾಟಗಾರನ ಉಪಕಾರವನ್ನು ನಿರಾಕರಿಸಿದ್ದೇ ತಪ್ಪಾಯಿತೇನೋ ಎಂದು ನನ್ನೆದುರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವರ ಮೌನದಲ್ಲಿ ಅದು ಕೇಳುತ್ತಿತ್ತು. ನನಗೂ ಬೆಲೆಯ ಮೇಲೇ ಅನುಮಾನ. ಐದನೆಯ ದಿನ ಪತ್ರ ಬಂತು, ಎರಡು ಪ್ರಶ್ನೆ. ಹಣ ಕಟ್ಟಿದ ದಾಖಲೆ ಒದಗಿಸಿ ಎಂಬುದು ಒಂದು. ಬೆಲ್ಟಿನ ಚರ್ಮ ಯಾವ ಪ್ರಾಣಿಯದೆಂದು ತಿಳಿಸಿ, ಮೊಸಳೆಯದಾದರೆ ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಪರವಾನಗಿ ಸಲ್ಲಿಸಿ ಎಂಬುದು ಇನ್ನೊಂದು.

ಮಾರಾಟಗಾರ ನಾವು ಹೇಳಿದಂತೆ ಜಾಹೀರಾತಿನ ಸಾಲನ್ನು ಅಕ್ಷರ ಬಿಡದೆ ನಕಲು ಮಾಡಿದ್ದ: ಬಳಸಿದ ಕೈಗಡಿಯಾರ ಒಂದು, ಸ್ಟೀಲ್ ಕೇಸ್, ಕೀ ಕೊಡುವ ಯಂತ್ರ, ಕ್ರೋಕೋ ಬೆಲ್ಟ್. ವಾಚಿನ ವ್ಯಾಪಾರದಲ್ಲಿ 'ಕ್ರೋಕೋ' ಎಂದರೆ ಸಾಮಾನ್ಯವಾಗಿ ಮೊಸಳೆಯಂತೆ ಅಚ್ಚೊತ್ತಿದ ಕರುವಿನ ಚರ್ಮ. ವ್ಯಾಪಾರದ ಹೊರಗೆ ಅದರ ಅರ್ಥ ಮೊಸಳೆ. 1973ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ಸಹಿಯಾಗಿ 1975ರ ಜುಲೈ 1ರಂದು ಜಾರಿಗೆ ಬಂದ ಸೈಟಿಸ್ ಒಪ್ಪಂದದ ಒಂದು ಅಥವಾ ಎರಡನೆಯ ಅನುಬಂಧದಲ್ಲಿ ಮೊಸಳೆ ಕುಲದ ಎಲ್ಲ ಜಾತಿಗಳೂ ಸೇರಿವೆ, ಬೆಲ್ಟುಗಳಿಗೆ ಹೆಚ್ಚಾಗಿ ಬಳಸುವ ಅಮೆರಿಕದ ಆಲಿಗೇಟರ್ ಸಹ. ಎರಡನೆಯ ಅನುಬಂಧದ್ದಾದರೆ ಹೊರಡುವ ದೇಶದ ರಫ್ತು ಪರವಾನಗಿ ಬೇಕು, ಕೆಲವು ದೇಶಗಳು ಆಮದಿನ ಪರವಾನಗಿಯನ್ನೂ ಕೇಳುತ್ತವೆ. ಪ್ರಯಾಣಿಕರು ಕೈಗೆ ಕಟ್ಟಿಕೊಂಡು ಅಥವಾ ತಮ್ಮ ಸಾಮಾನಿನಲ್ಲಿ ತರುವ ಸ್ವಂತ ವಸ್ತುಗಳಿಗೆ ಇರುವ ಸಡಿಲಿಕೆ ಅಂಚೆಯಲ್ಲಿ ಬರುವ ಪಾರ್ಸೆಲ್‌ಗೆ ಅನ್ವಯಿಸುವುದಿಲ್ಲ. ಅಧಿಕಾರಿ ಕೇಳಿದ್ದು ಸರಿಯಾಗಿಯೇ ಇತ್ತು. ಇಷ್ಟು ವರ್ಷ ಈ ಕೆಲಸ ಮಾಡಿದ ನಾನು ಬೆಲೆಯ ಸಂಖ್ಯೆಯನ್ನು ಕಾಯುತ್ತ ಕೂತು, ಬೆಲ್ಟಿನ ಪದವನ್ನು ಕಾಯಲಿಲ್ಲ. ಜಾಹೀರಾತು ಕೊಳ್ಳುವವರಿಗಾಗಿ ಬರೆದದ್ದು, ಘೋಷಣೆ ಅಧಿಕಾರಿಗಾಗಿ ಬರೆಯುವಂಥದ್ದು. ಎರಡಕ್ಕೂ ಒಂದೇ ಸಾಲು ಸಾಕೆಂದು ಹೇಳಿದ್ದು ನನ್ನ ಸೋಮಾರಿತನ.

ಬೆಲೆಯ ಪ್ರಶ್ನೆಗೆ ಬ್ಯಾಂಕಿನ ಒಂದು ಪುಟ ಸಾಕಾಯಿತು. ಇನ್‌ವಾಯ್ಸ್, ಫಾರಂ ಮತ್ತು ಬ್ಯಾಂಕಿನ ಪುಟ, ಮೂರರಲ್ಲೂ ಒಂದೇ ಸಂಖ್ಯೆ ಇದ್ದದ್ದರಿಂದ ಮರುಪ್ರಶ್ನೆ ಬರಲಿಲ್ಲ. ಬೆಲ್ಟಿಗೆ ಹೆಚ್ಚು ಕೆಲಸ ಬಿತ್ತು. ಮಾರಾಟಗಾರನ ಬಳಿ ಬೆಲ್ಟಿನ ಒಳಮೈಯ ಚಿತ್ರವಿತ್ತು, ಅದರ ಮೇಲೆ ಕರುವಿನ ಚರ್ಮ ಎಂಬ ಅಚ್ಚೂ ಇತ್ತು. ಅದು ಸಾಲದಾದೀತೆಂದು ಹೊರಮೈಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಅಸಲಿ ಮೊಸಳೆಯ ಚರ್ಮದಲ್ಲಿ ಒಂದು ಚಿಪ್ಪಿನಂತೆ ಇನ್ನೊಂದಿರುವುದಿಲ್ಲ, ನಡುವಿನ ಗೆರೆಗಳು ಒಂದೆಡೆ ಆಳ, ಇನ್ನೊಂದೆಡೆ ತೆಳು. ಮೊಸಳೆಯ ಚಿಪ್ಪುಗಳಲ್ಲಿ ಸೂಜಿಮೊನೆಯಷ್ಟು ಚುಕ್ಕೆಯೂ ಇರುತ್ತದೆ, ಆಲಿಗೇಟರ್‌ನ ಹೊಟ್ಟೆಯ ಚರ್ಮದಲ್ಲಿ ಅದು ಇರುವುದಿಲ್ಲ. ಅಚ್ಚೊತ್ತಿದ ಚರ್ಮದಲ್ಲಿ ಗೆರೆಗಳ ಆಳ ಒಂದೇ ಸಮ, ಚಿತ್ತಾರ ಮರುಕಳಿಸುತ್ತದೆ. ಮರುಕಳಿಸುವುದನ್ನು ಕಂಡುಹಿಡಿದವರು ಅಧ್ಯಾಪಕರು: ಎಡಪಟ್ಟಿಯ ಮೇಲಿನಿಂದ ಮೂರನೆಯ ಚಿಪ್ಪು, ಒಂದು ಮೂಲೆ ಮೊಂಡಾದ ಐದು ಬದಿಯ ಆಕೃತಿ, ಬಲಪಟ್ಟಿಯಲ್ಲೂ ಅದೇ ಜಾಗದಲ್ಲಿ ಅದೇ ಮೊಂಡು ಮೂಲೆಯೊಂದಿಗೆ ಕೂತಿತ್ತು. ಅವರು ಎರಡಕ್ಕೂ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ 'ಸರ್ವಸಮ' ಎಂದು ಬರೆದು ಕಳಿಸಿದರು. ಬೆಲ್ಟು ಇನ್ನೂ ಅನುಮಾನಾಸ್ಪದವೆನಿಸಿದರೆ ಅದನ್ನು ಮಾತ್ರ ಬಿಟ್ಟುಕೊಡಲು ಸಿದ್ಧರಿದ್ದೇವೆ, ವಾಚನ್ನು ಬಿಡುಗಡೆ ಮಾಡಿ ಎಂಬ ಒಂದು ವಾಕ್ಯವನ್ನು ನಾನು ಸೇರಿಸಿದೆ. ಕೆಲಸಕ್ಕೆ ಬಂದದ್ದು ಕೆಂಪು ಸುತ್ತೋ ಆ ವಾಕ್ಯವೋ ಗೊತ್ತಿಲ್ಲ; ಅಧ್ಯಾಪಕರು ತಮ್ಮ ಸುತ್ತೇ ಎನ್ನುತ್ತಾರೆ.

ತಡೆ ಬಿದ್ದ ದಿನದಿಂದ 13ನೇ ದಿನ ಪಾರ್ಸೆಲ್ ಬಿಡುಗಡೆಯಾಯಿತು, ಬೆಲ್ಟಿನ ಸಮೇತ.

ಬಿಲ್ಲು

ಬಿಲ್ಲಿನ ಮೇಲೆ ಸಣ್ಣ ವಾಗ್ವಾದವಾಯಿತು, ಕಸ್ಟಮ್ಸ್‌ನೊಂದಿಗಲ್ಲ, ನಮ್ಮಿಬ್ಬರ ನಡುವೆ. ಮೌಲ್ಯದ ಅಂಕಣದಲ್ಲಿ ವಾಚಿನ ಬೆಲೆಗಿಂತ ಹೆಚ್ಚಿನ ಸಂಖ್ಯೆ ಇದ್ದದ್ದನ್ನು ಅವರು ಮೊದಲು ಗಮನಿಸಿದರು. ಸಾಗಣೆ ಮತ್ತು ವಿಮೆ ಸೇರಿದೆ ಎಂದು ಹಿಂದೆಯೇ ಲೆಕ್ಕ ತೋರಿಸಿದ್ದೆ. ಆದರೂ ಕಾಗದದ ಮೇಲೆ ಕಂಡಾಗ ಕಣ್ಣು ಚುಚ್ಚಿತು. ವಿಶ್ವ ವ್ಯಾಪಾರ ಸಂಸ್ಥೆಯ ಕಸ್ಟಮ್ಸ್ ಮೌಲ್ಯಮಾಪನ ಒಪ್ಪಂದದ ಪ್ರಕಾರ ಮೌಲ್ಯದ ಮೊದಲ ಆಧಾರ ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆ. ಮನಸ್ಸಿಗೆ ಬಂದ ಅಥವಾ ಕಲ್ಪಿತ ಮೌಲ್ಯ ಕಟ್ಟಕೂಡದೆಂದು 7ನೇ ವಿಧಿ ಹೇಳುತ್ತದೆ. ಸಾಗಣೆ ಮತ್ತು ವಿಮೆಯನ್ನು ಸೇರಿಸುವುದೋ ಬಿಡುವುದೋ ಎಂಬುದನ್ನು 8ನೇ ವಿಧಿ ಆಯಾ ದೇಶಕ್ಕೆ ಬಿಟ್ಟಿದೆ. ಮೌಲ್ಯ ಹೇಗೆ ಕಟ್ಟಲಾಯಿತೆಂದು ಲಿಖಿತವಾಗಿ ಕೇಳಿದರೆ ಲಿಖಿತ ವಿವರಣೆ ಪಡೆಯುವ ಹಕ್ಕು ಆಮದುದಾರರಿಗೆ 16ನೇ ವಿಧಿಯಲ್ಲಿದೆ, ದಂಡದ ಭಯವಿಲ್ಲದೆ ಮೇಲ್ಮನವಿ ಸಲ್ಲಿಸುವ ಹಕ್ಕು 11ನೇ ವಿಧಿಯಲ್ಲಿದೆ. ಕಸ್ಟಮ್ಸ್ ಎಂದರೆ ಕೈಕಟ್ಟಿ ನಿಲ್ಲಬೇಕಾದ ಜಾಗ ಎಂದುಕೊಂಡವರಿಗೆ ಈ ಎರಡು ವಿಧಿಗಳನ್ನು ನಾನು ತಪ್ಪದೆ ಹೇಳುತ್ತೇನೆ. ಆದರೆ ಈ ಹಕ್ಕುಗಳನ್ನು ಚಲಾಯಿಸಲು ಕೈಯಲ್ಲಿರುವ ಕಾಗದ ನೇರವಾಗಿರಬೇಕು. ಬೆಲೆ 20 ಎಂದು ಬರೆಸಿಕೊಂಡವರು ಯಾವ ಮುಖದಿಂದ ವಿವರಣೆ ಕೇಳಿಯಾರು?

ಬಿಲ್ಲಿನಲ್ಲಿ ಸುಂಕವೂ ತೆರಿಗೆಯೂ ಅಲ್ಲದ ಇನ್ನೊಂದು ಸಾಲಿತ್ತು. ಅದು ಪಾರ್ಸೆಲ್ ತಂದವರು ಕಸ್ಟಮ್ಸ್‌ನ ಮುಂದಿಡಲು ತೆಗೆದುಕೊಳ್ಳುವ ಶುಲ್ಕ. ಸಣ್ಣ ಬೆಲೆಯ ವಾಚಾದರೆ ಈ ಶುಲ್ಕ ಸುಂಕಕ್ಕಿಂತ ಹೆಚ್ಚಾಗುವುದೂ ಉಂಟು, ಮತ್ತು ಅದಕ್ಕೆ ಜನ ಬೈಯುವುದು ಸಾಮಾನ್ಯವಾಗಿ ಕಸ್ಟಮ್ಸ್‌ನವರನ್ನು. ಮಾರುವವರೇ ಎಲ್ಲ ಸುಂಕ ಕಟ್ಟಿ ಕಳಿಸುವ ಡಿಡಿಪಿ ಷರತ್ತಿನ ಮೇಲೆ ಕೊಂಡಿದ್ದರೆ ಈ ಸಾಲು ಮೊದಲೇ ಬೆಲೆಯೊಳಗೆ ಅಡಗಿರುತ್ತಿತ್ತು. ಅಧ್ಯಾಪಕರು ಮೂರೂ ಸಾಲುಗಳನ್ನು ಪ್ರತ್ಯೇಕವಾಗಿ ಕೂಡಿಸಿ, ಒಟ್ಟು ಸರಿಯಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಹಣ ಕಟ್ಟಿದರು.

ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆಯೇ ತೆರೆದರು. ಒಂದು ಬದಿಯಲ್ಲಿ ಮಾರಾಟಗಾರನ ಕಂದು ಟೇಪಿನ ಮೇಲೆ ಕಸ್ಟಮ್ಸ್ ಪರಿಶೀಲಿಸಿ ಮತ್ತೆ ಮುಚ್ಚಿದೆ ಎಂಬ ಟೇಪು ಅಡ್ಡಲಾಗಿ ಅಂಟಿತ್ತು. ಒಳಗಿನ ಸ್ಪಂಜಿನ ಪದರಗಳು ಹೋದ ಕ್ರಮದಲ್ಲೇ ಇದ್ದವು. ಬೆಲ್ಟನ್ನು ಮಾತ್ರ ವಾಚಿನಿಂದ ಬಿಚ್ಚಿ ಬೇರೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ದರು, ಅದನ್ನು ಹಿಡಿದಿಡುವ ಎರಡು ಸ್ಪ್ರಿಂಗ್ ಕಡ್ಡಿಗಳೂ ಅದೇ ಚೀಲದಲ್ಲಿದ್ದವು. ಕೀ ಕೊಡುವ ಗುಂಡಿ ಹೊರಕ್ಕೆ ಎಳೆದ ಸ್ಥಿತಿಯಲ್ಲಿತ್ತು. ದಾರಿಯಲ್ಲಿ ಯಂತ್ರ ಓಡದಿರಲೆಂದು ಮಾರಾಟಗಾರನೇ ಹಾಗೆ ಕಳಿಸಿದ್ದ. ಅಧ್ಯಾಪಕರು ಅದನ್ನು ಒಳಕ್ಕೆ ಒತ್ತಿ, ಹತ್ತು ಸುತ್ತು ಕೀ ಕೊಟ್ಟು, ಕಿವಿಯ ಹತ್ತಿರ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಗೂ ಹಿಡಿದರು.

ಅವರಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಐದಾರು ವರ್ಷಕ್ಕೊಮ್ಮೆ ಇದಕ್ಕೆ ಎಣ್ಣೆ ಹಾಕಿಸಬೇಕಂತೆ, ಅದೇ ಮಾರಾಟಗಾರನಿಗೆ ಕಳಿಸಿದರೆ ವಾಪಸ್ ಬರುವಾಗ ಮತ್ತೆ ಪೂರ್ತಿ ಸುಂಕ ಬೀಳುತ್ತದೆಯೇ ಎಂದು. ರಿಪೇರಿಗೆಂದು ಹೊರಗೆ ಹೋಗಿ ಮರಳುವ ವಸ್ತುವಿಗೆ ಪೂರ್ತಿ ಮೌಲ್ಯದ ಬದಲು ರಿಪೇರಿಯ ಖರ್ಚಿನ ಮೇಲಷ್ಟೇ ಸುಂಕ ಹಾಕುವ ಏರ್ಪಾಡು ಅನೇಕ ದೇಶಗಳಲ್ಲಿದೆ, ಆದರೆ ಹೋದದ್ದೂ ಬಂದದ್ದೂ ಒಂದೇ ವಾಚು ಎಂದು ತೋರಿಸಬೇಕು, ಅದಕ್ಕಾಗಿ ಕಳಿಸುವ ಮೊದಲೇ ಕಸ್ಟಮ್ಸ್‌ನಲ್ಲಿ ನಮೂದಾಗಿರಬೇಕು ಎಂದೆ. ಆಮದಿನ ರಸೀದಿಯನ್ನು ತಿರುವಿ ನೋಡಿದೆವು. ಅದರಲ್ಲಿ 'ಕೈಗಡಿಯಾರ, 1' ಎಂದಷ್ಟೇ ಇತ್ತು, ಕೇಸಿನ ಸಂಖ್ಯೆ ಇರಲಿಲ್ಲ. ಇನ್‌ವಾಯ್ಸ್‌ನಲ್ಲೂ ಇರಲಿಲ್ಲ. ಸಂಖ್ಯೆ ಸೇರಿಸಿದ ಹೊಸ ಇನ್‌ವಾಯ್ಸ್ ಬೇಕೆಂದು ಮಾರಾಟಗಾರನಿಗೆ ಅಲ್ಲೇ ಪತ್ರ ಬರೆಯಲು ಕೂತೆವು. ಅಧ್ಯಾಪಕರು ವಾಚನ್ನು ಬೋರಲು ಹಾಕಿ ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ಓದಿದರು, ನಾನು ಬರೆದುಕೊಂಡೆ. ಕೊನೆಯ ಅಂಕಿ ಸವೆದುಹೋಗಿತ್ತು; ಮೂರೋ ಎಂಟೋ ಎಂದು ತೀರ್ಮಾನವಾಗದೆ, ಮಾರಾಟಗಾರ ಕಳಿಸಿದ್ದ ಹಳೆಯ ಚಿತ್ರವನ್ನು ಮತ್ತೆ ತೆಗೆದು ದೊಡ್ಡದು ಮಾಡಿದೆವು. ಎಂಟು.